ಕ್ಯಾಲಿಫೋರ್ನಿಯಾದ ಪ್ರಪೊಸಿಷನ್ 8: ಮದುವೆಯ ಹಕ್ಕನ್ನು ಮತಕ್ಕೆ ಹಾಕಬಹುದೇ?

ಪ್ರಶ್ನೆ:
2008ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಸಲಿಂಗಿಗಳ ಮದುವೆಗೆ ಮಾನ್ಯತೆ ನೀಡಿತು. ನವೆಂಬರ್ 4ರಂದು, ಒಬಾಮಾ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿದ ಅದೇ ರಾಜ್ಯದ ಮತದಾರರು ಶೇ. 52ರಷ್ಟು ಮತಗಳಿಂದ ಪ್ರಪೊಸಿಷನ್ 8 ಅನ್ನು, ಅಂದರೆ ಮದುವೆ ಗಂಡು-ಹೆಣ್ಣಿನ ನಡುವೆ ಮಾತ್ರ ಎಂಬ ವಾಕ್ಯವನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿಯನ್ನು, ಅಂಗೀಕರಿಸಿ ಆ ಹಕ್ಕನ್ನು ಹಿಂತೆಗೆದುಕೊಂಡರು. ಜನಾದೇಶವನ್ನು ಗೌರವಿಸಬೇಕೆಂದು ನಂಬಿರುವ ನನಗೆ ಇದು ಬಗೆಹರಿಯದ ಪ್ರಶ್ನೆ. ಬಹುಮತ ಇಷ್ಟು ದೂರ ಹೋಗಬಹುದೇ?

ಉತ್ತರ 1:
ಹೋಗಬಾರದು ಎಂಬುದೇ ನನ್ನ ದೃಢವಾದ ನಿಲುವು. ಮತದಾನಕ್ಕೆ ಮೊದಲು ಸುಮಾರು 18,000 ಜೋಡಿಗಳು ಮದುವೆಯಾಗಿದ್ದವು. 2009ರಲ್ಲಿ ಅದೇ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿದರೂ ಈ ಮದುವೆಗಳು ಊರ್ಜಿತವೆಂದು ಹೇಳಿತು. ಹೀಗಾಗಿ 2008ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದವರು ಕಾನೂನಿನ ಕಣ್ಣಲ್ಲಿ ದಂಪತಿಗಳಾಗಿ ಉಳಿದರು, ಡಿಸೆಂಬರ್‌ನಲ್ಲಿ ಅದೇ ಕಚೇರಿಯ ಮೆಟ್ಟಿಲೇರಿದವರಿಗೆ ಪರವಾನಗಿಯೇ ಸಿಗಲಿಲ್ಲ. ಇಂಥ ತಾರತಮ್ಯವನ್ನು ಜನಾದೇಶದ ಹೆಸರಿನಲ್ಲಿ ಸಮರ್ಥಿಸುವುದು ಹೇಗೆ?

ಉತ್ತರ 2:
ಹಕ್ಕಿನ ವಿಷಯದಲ್ಲಿ ನಾನೂ ನಿಮ್ಮೊಂದಿಗಿದ್ದೇನೆ. ಆದರೆ ಪರವಾಗಿ ಮತ ಹಾಕಿದವರೆಲ್ಲರೂ ದ್ವೇಷದಿಂದಲೇ ಹಾಕಿದರೆಂದು ನಾನು ಒಪ್ಪಲಾರೆ. ಶಾಲೆಯಲ್ಲಿ ಮಕ್ಕಳಿಗೆ ಏನು ಕಲಿಸುತ್ತಾರೋ, ಚರ್ಚುಗಳ ಮೇಲೆ ಒತ್ತಡ ಬರುತ್ತದೆಯೋ ಎಂಬ ಭಯವನ್ನು ಪ್ರಚಾರದ ಜಾಹೀರಾತುಗಳು ಬೆಳೆಸಿದ್ದವು. ಯಾವ ಧರ್ಮಗುರುವೂ ತನ್ನ ನಂಬಿಕೆಗೆ ವಿರುದ್ಧವಾಗಿ ಮದುವೆ ಮಾಡಿಸಬೇಕಿಲ್ಲ ಎಂದು ಮೇ ತಿಂಗಳ ತೀರ್ಪೇ ಸ್ಪಷ್ಟವಾಗಿ ಹೇಳಿತ್ತು. ಆ ಮಾತು ಮನೆಮನೆಗೆ ತಲುಪಬೇಕಾಗಿತ್ತು.

ಉತ್ತರ 3:
ಮುಂದಿನದನ್ನೂ ಸೇರಿಸುತ್ತೇನೆ. 2010ರಲ್ಲಿ ಫೆಡರಲ್ ನ್ಯಾಯಾಧೀಶ ವಾನ್ ವಾಕರ್ ಪ್ರಪೊಸಿಷನ್ 8 ಅನ್ನು ಅಸಾಂವಿಧಾನಿಕವೆಂದು ಘೋಷಿಸಿದರು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮೇಲ್ಮನವಿ ಸಲ್ಲಿಸಲು ಅದರ ಪ್ರತಿಪಾದಕರಿಗೆ ಅರ್ಹತೆಯಿಲ್ಲವೆಂದಷ್ಟೇ ಹೇಳಿದ್ದರಿಂದ ವಾಕರ್ ಅವರ ತೀರ್ಪು ಉಳಿದು ಮದುವೆಗಳು ಪುನಃ ಆರಂಭವಾದವು. ಆದರೂ ರಾಜ್ಯದ ಸಂವಿಧಾನದಿಂದ ಆ ವಾಕ್ಯವನ್ನು ತೆಗೆದುಹಾಕಿದ್ದು 2024ರ ನವೆಂಬರ್‌ನಲ್ಲಿ, ಮತದಾರರೇ.