ವರ್ಡಾನ್ ಕಣಿವೆ ನಡಿಗೆ: ಸುಣ್ಣದಕಲ್ಲು ಜಾರುತ್ತಾ ಮೇಷ್ಟ್ರೇ?

ಪ್ರಶ್ನೆ (ಸಾಗರದಿಂದ): ನಮಸ್ಕಾರ ಮೇಷ್ಟ್ರೇ, ನೀವು ಜಿಯಾಲಜಿ ಪಾಠ ಮಾಡೋರು, ಹುಡುಗ್ರನ್ನ ಟ್ರೆಕ್ಕಿಂಗಿಗೂ ಕರ್ಕೊಂಡ್ ಹೋಗ್ತೀರಲ್ಲ ಅದ್ಕೇ ಇಲ್ಲೇ ಕೇಳ್ತಿದೀನಿ. ಮಗ ಫ್ರಾನ್ಸಲ್ಲಿದಾನೆ, ಜೂನಲ್ಲಿ ಬಾ ಅಮ್ಮ ವರ್ಡಾನ್ ಕಣಿವೆ ಒಳಗೆ ನಡ್ಸ್ತೀನಿ ಅಂತಿದಾನೆ, ಬ್ಲಾಂ-ಮಾರ್ಟೆಲ್ ಅನ್ನೋ ದಾರಿಯಂತೆ. ಕೊಡಚಾದ್ರಿ ಹತ್ತಿದೀನಿ, ಜೋಗದ ಮೆಟ್ಲೂ ಇಳ್ದು ಹತ್ತಿದೀನಿ, ಮಂಡಿ ಪರ್ವಾಗಿಲ್ಲ. ಅಲ್ಲೆಲ್ಲ ಸುಣ್ಣದಕಲ್ಲಂತೆ, ಜಾರುತ್ತಾ? ಹೊಳೆಗೆ ಇಳೀಬೋದಾ?

ಉತ್ತರ: ಧಾರಾಳವಾಗಿ ಹೋಗಿ ಅಕ್ಕಾ, ಹೊಳೆಗೆ ಮಾತ್ರ ಇಳೀಬೇಡಿ. ಕಣಿವೆ ಕೆಲವು ಕಡೆ 700 ಮೀಟರ್ ಆಳ, ಮೇಲ್ಗಡೆ ಕ್ಯಾಸ್ತಿಯೋಂ, ಶೋದಾನ್ ಅಂತ ಡ್ಯಾಂ ಇದಾವೆ, ಕರೆಂಟಿಗೋಸ್ಕರ ನೀರು ಬಿಟ್ರೆ ಆಕಾಶ ತಿಳಿಯಾಗಿದ್ರೂ ಹೊಳೆ ಏರುತ್ತೆ. ಲಿಂಗನಮಕ್ಕಿ ಗೇಟು ನೋಡಿದೋರಿಗೆ ಇದನ್ನ ಬಿಡ್ಸಿ ಹೇಳ್ಬೇಕಾಗಿಲ್ಲ. ಫೋಟೋ ಚೆನ್ನಾಗ್ ಬರುತ್ತೆ ಅಂತ ನಡುಬಂಡೆಗೆ ಹೋಗಿ ಬುತ್ತಿ ಬಿಚ್ಚೋದೆಲ್ಲ ಬೇಡ.

ಜಾರೋ ವಿಷ್ಯಕ್ಕೆ ಬಂದ್ರೆ, ಜೋಗದಲ್ಲಿ ಜಾರೋದು ಪಾಚಿ. ಸುಣ್ಣದಕಲ್ಲು ಒಣಗಿದ್ರೆ ಒರಟು, ಕಾಲು ಚೆನ್ನಾಗಿ ಹಿಡಿಯುತ್ತೆ, ಆದ್ರೆ ಮೆತ್ತನೆ ಕಲ್ಲಲ್ವಾ, ಜನ ತುಳ್ದೂ ತುಳ್ದೂ ನುಣುಪಾದ ಕಡೆ ನಾಲ್ಕು ಹನಿ ಬಿದ್ರೆ ಸಾಕು ಎಣ್ಣೆ ಚೆಲ್ಲಿದ ಹಾಗೆ. ದಾರಿ ಸುಮಾರು 15 ಕಿ.ಮೀ., ಆರೇಳು ಗಂಟೆ. ಮಧ್ಯ ಕಬ್ಬಿಣದ ಏಣಿ ಇದಾವೆ, 250ರಷ್ಟು ಮೆಟ್ಲು, ಕೆಳಗೆ ನೋಡಿ ತಲೆ ತಿರುಗೋರಿಗೆ ಅದೇ ಕಷ್ಟ. ಕುಡಿಯೋ ನೀರು ದಾರೀಲಿ ಸಿಗಲ್ಲ, ಪೂರ್ತಿ ಹೊತ್ಕೊಂಡೇ ಹೋಗಿ. ಇಂಬಳದ ಚಿಂತೆ ಬೇಡ ಬಿಡಿ 😀

ಮಧ್ಯದಲ್ಲೊಂದು ಪ್ರಶ್ನೆ (ತೀರ್ಥಹಳ್ಳಿಯಿಂದ): ಸಾರ್ ಹೊಳೆ ಹರಿಯೋ ಕಡೆ ಕುಡಿಯೋ ನೀರಿಲ್ಲ ಅಂದ್ರೆ? ನಮ್ಮಲ್ಲಿ ಗುಡ್ಡ ಕೆರೆದ್ರೂ ಒರತೆ ಬರುತ್ತೆ. ಮತ್ತೆ ಸುಣ್ಣದಕಲ್ಲಿನ ಫಾಲ್ಸ್ ತಾನೇ ಬೆಳೆಯುತ್ತೆ ಅಂತಾರಲ್ಲ, ನಿಜಾನಾ?

ಉತ್ತರ: ಎರಡಕ್ಕೂ ಕಾರಣ ಒಂದೇ. ಮಳೆನೀರು ಗಾಳಿಯಿಂದ, ಅದಕ್ಕಿಂತ ಹೆಚ್ಚಾಗಿ ಮಣ್ಣಿಂದ ಕಾರ್ಬನ್ ಡೈ ಆಕ್ಸೈಡ್ ಹೀರ್ಕೊಂಡು ಸ್ವಲ್ಪ ಹುಳಿ ಆಗುತ್ತೆ, ಸುಣ್ಣದಕಲ್ಲನ್ನ ಕರಗಿಸ್ತಾ ಬಿರುಕಲ್ಲಿ ಇಳಿದು ಹೋಗುತ್ತೆ, ಹಂಗಾಗಿ ಮೇಲೆ ಒಣಒಣ, ನೀರೆಲ್ಲ ಒಳಗೆ. ಅದೇ ನೀರು ಎಲ್ಲೋ ಹೊರಗೆ ಬಂದು ಧುಮುಕೋವಾಗ ಆ ಗ್ಯಾಸು ಹಾರಿಹೋಗುತ್ತೆ, ಕರಗಿದ್ದ ಸುಣ್ಣ ಪಾಚಿ ಕಡ್ಡಿ ಎಲೆ ಮೇಲೆ ಕೂತು ಕಲ್ಲಾಗುತ್ತೆ. ಕ್ರೊಯೇಷಿಯಾದ ಪ್ಲಿಟ್ವಿತ್ಸೆ ನೋಡಿ, ಕೆರೆ ಏರಿ ಥರ ಅಡ್ಡ ಕಟ್ಕೊಂಡಿರೋದು ಈ ಸುಣ್ಣವೇ, ಹಂಗಾಗಿ ನಿಜಾನೇ. ಜೋಗದ ಕಲ್ಲಿಗೆ ಆ ಭಾಗ್ಯ ಇಲ್ಲ, ಸವೀತಾ ಹೋಗೋದಷ್ಟೇ.

ಸಾಗರದಿಂದ: ದಾರೀಲಿ ಸುರಂಗ ಇದೆಯಂತೆ, ಮೊಬೈಲ್ ಟಾರ್ಚ್ ಸಾಕಾ ಮೇಷ್ಟ್ರೇ?

ಉತ್ತರ: ಸಾಲ್ದು ಅಕ್ಕಾ. ಒಂದಂತೂ 600 ಮೀಟರ್‌ಗಿಂತ ಉದ್ದ, ಕಗ್ಗತ್ತಲೆ, ನೆಲದಲ್ಲಿ ನೀರು ನಿಂತಿರುತ್ತೆ. ಹಣೆಗೆ ಕಟ್ಕೊಳ್ಳೋ ಟಾರ್ಚ್ ತಗೊಳ್ಳಿ, ಎರಡು ಕೈನೂ ಖಾಲಿ ಇರ್ಲಿ.