ಮಳೆಗಾಲದಲ್ಲಿ ಮೊಬೈಲ್ ಚಾರ್ಜ್: ಸೋಲಾರ್, ಕೈಯಲ್ಲಿ ತಿರುಗಿಸುವುದು, ಒಲೆಯ ಬಿಸಿ... ಯಾವುದು ನಿಜಕ್ಕೂ ನಡೆಯುತ್ತದೆ?

ದೇಲಂಪಾಡಿಯ ಸೊಸೆ

ನಮಸ್ಕಾರ ಎಲ್ಲರಿಗೂ. ನಮ್ಮ ಮನೆ ದೇಲಂಪಾಡಿ ಕಡೆ, ರಸ್ತೆಯಿಂದ ಕೆಳಗಿಳಿದು ತೋಟದ ನಡುವೆ. ಜೂನ್ ಬಂತೆಂದರೆ ಕರೆಂಟಿನ ಕಥೆ ನಿಮಗೆಲ್ಲ ಗೊತ್ತೇ ಉಂಟು. ಲೈನಿನ ಮೇಲೆ ಒಂದು ಅಡಿಕೆ ಮರ ಬಿದ್ದರೆ ಮುಗಿಯಿತು, ಮತ್ತೆ ಬರುವುದು ನಾಳೆಯೋ ನಾಡಿದ್ದೋ. ಇನ್ವರ್ಟರ್ ಇದೆ, ಆದರೆ ಬ್ಯಾಟರಿ ಹಳೆಯದು, ಎರಡು ಬಲ್ಬಿಗೇ ಸುಸ್ತು. ಯಜಮಾನರಿಗೆ ಮಂಗಳೂರಿನಲ್ಲಿ ಕೆಲಸ, ಮನೆಯಲ್ಲಿ ನಾನು, ಅತ್ತೆ, ಮಗ. ಫೋನ್ ಆಫ್ ಆದರೆ ಅವರಿಗೆ ಅಲ್ಲಿ ನಿದ್ದೆ ಬರುವುದಿಲ್ಲ.

ಈಗ ಫೋನ್ ತೆರೆದರೆ ಸಾಕು, ಬರೀ ಚಾರ್ಜರ್ ಜಾಹೀರಾತು. ಬೆನ್ನಿಗೆ ಸೋಲಾರ್ ಪ್ಯಾನೆಲ್ ಇರುವ ಪವರ್ ಬ್ಯಾಂಕ್, ಕೈಯಲ್ಲಿ ತಿರುಗಿಸುವ ಚಾರ್ಜರ್, ಸೌದೆ ಒಲೆಯ ಬಿಸಿಯಿಂದ ಚಾರ್ಜ್ ಮಾಡುವ ಒಂದು ಸಾಧನ. ಮಗನಿಗೆ ಮೂರನೆಯದೇ ಬೇಕಂತೆ. ಬಚ್ಚಲು ಒಲೆ ಹೇಗೂ ಉರಿಯುತ್ತಿರುತ್ತದಲ್ವಾ, ಸುಮ್ನೆ ಬಿಸಿ ಹಾಳಾಗುತ್ತದೆ ಎಂದು ಅವನ ವಾದ. ಇದರಲ್ಲಿ ಯಾವುದಕ್ಕೆ ದುಡ್ಡು ಹಾಕಬಹುದು? ತಿಳಿದವರು ಹೇಳಿ.

ಬದಿಯಡ್ಕದ ವಯರ್‌ಮ್ಯಾನ್

ಅಕ್ಕಾ, ಕೊಳ್ಳುವ ಮೊದಲು ಒಂದು ಲೆಕ್ಕ ನೋಡಿ. ಈಗಿನ ಸಾಮಾನ್ಯ ಫೋನಿನ ಬ್ಯಾಟರಿ 5000 ಎಂಎಎಚ್. ಅದನ್ನು ವಾಟ್ ಅವರ್‌ಗೆ (ಒಂದು ವಾಟ್‌ನಂತೆ ಒಂದು ಗಂಟೆ ಹರಿದರೆ ಆಗುವಷ್ಟು ಕರೆಂಟ್) ತಂದರೆ ಸುಮಾರು 19. ಈ 19 ನೆನಪಿದ್ದರೆ ಎಲ್ಲ ಜಾಹೀರಾತನ್ನೂ ಅಳೆಯಬಹುದು.

ಪವರ್ ಬ್ಯಾಂಕಿನ ಬೆನ್ನಿಗಿರುವ ಪ್ಯಾನೆಲ್ 14 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ ಎಂದಿಟ್ಟುಕೊಳ್ಳಿ. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್. ಅಂದರೆ ಇದರ ಮೇಲೆ ಬೀಳುವುದೇ 10 ವಾಟ್. ಒಳ್ಳೆಯ ಪ್ಯಾನೆಲ್ ಆದರೆ ಅದರಲ್ಲಿ ಐದನೇ ಒಂದು ಪಾಲು ಕರೆಂಟ್ ಆಗುತ್ತದೆ. ಸಿಕ್ಕಿದ್ದು 2 ವಾಟ್, ಅದೂ ಏಪ್ರಿಲ್ ಬಿಸಿಲಿಗೆ. 20000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 74 ವಾಟ್ ಅವರ್. ಅದು ತುಂಬಲು ಅಂಥ ಸುಡುಬಿಸಿಲೇ 37 ಗಂಟೆ ಬೇಕು! ನಮ್ಮ ಜುಲೈ ಮೋಡದಲ್ಲಿ ಹತ್ತರಲ್ಲಿ ಒಂದು ಪಾಲು ಸಿಕ್ಕರೆ ಹೆಚ್ಚು. ತಂತ್ರ ಕೆಟ್ಟದ್ದು ಅಂತ ಅಲ್ಲ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಮೊದಲು ತೋರಿಸಿದ ಸಿಲಿಕಾನ್ ಸೆಲ್ ಶೇ. 6 ಕೊಡುತ್ತಿತ್ತು, ಈಗಿನದು ಶೇ. 20 ದಾಟಿದೆ. ಅಂಗೈ ಅಗಲ ಸಾಲುವುದಿಲ್ಲ, ಅಷ್ಟೇ. ಮತ್ತೆ ಲಿಥಿಯಂ ಬ್ಯಾಟರಿಯನ್ನು ಬಿಸಿಲಿಗೆ ಹಾಕಿ ಕಾಯಿಸುವುದೇ ಅದಕ್ಕೆ ಕೇಡು.

ಕೈಯಲ್ಲಿ ತಿರುಗಿಸುವುದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಟ್ರೆವರ್ ಬೇಲಿಸ್ ಎಂಬ ಇಂಗ್ಲೆಂಡಿನವರು 1990ರ ದಶಕದಲ್ಲಿ ಸ್ಪ್ರಿಂಗ್ ಸುತ್ತಿ ಕೇಳುವ ರೇಡಿಯೋ ಮಾಡಿದರು. ಆಫ್ರಿಕಾದ ಹಳ್ಳಿಗಳಲ್ಲಿ ಕರೆಂಟೂ ಇಲ್ಲ, ಸೆಲ್ ಕೊಳ್ಳಲು ದುಡ್ಡೂ ಇಲ್ಲ, ಏಡ್ಸ್ ಮಾಹಿತಿ ಜನರಿಗೆ ಹೇಗೆ ತಲುಪಬೇಕು ಎಂಬ ಯೋಚನೆಯಿಂದ ಹುಟ್ಟಿದ್ದು ಅದು. ರೇಡಿಯೋಗೆ ಬೇಕಾದ ಕರೆಂಟ್ ತೀರಾ ಕಮ್ಮಿ, ಹಾಗಾಗಿ ನಡೆಯಿತು. ಫೋನ್ ಹಾಗಲ್ಲ. ಕೈ ನೋವಾಗುವ ಹಾಗೆ ತಿರುಗಿಸಿ 5 ವಾಟ್ ತೆಗೆದರೂ, ನಷ್ಟ ಸೇರಿಸಿದರೆ ಫುಲ್ ಆಗಲು ನಾಲ್ಕು ಗಂಟೆಗಿಂತ ಜಾಸ್ತಿ. ಒಂದು ತುರ್ತು ಕಾಲ್‌ಗೆ ಆದೀತು. ಮಳೆಯಲ್ಲಿ ಮಂಗಳೂರು ಆಕಾಶವಾಣಿ ಕೇಳುವುದಕ್ಕೆ ಬೇಕಾದರೆ ತಿರುಗಿಸುವ ರೇಡಿಯೋ ತೆಗೊಳ್ಳಿ, ಅದು ಒಳ್ಳೆಯದೇ.

ಪೆರ್ಲ ಪೇಟೆ

ಮಾರಾಯ್ರೆ, ಮಗನ ಒಲೆಯ ವಿಷಯ ಯಾರೂ ಹೇಳಲಿಲ್ಲ! ಅವನ ಬುದ್ಧಿ ತಪ್ಪಲ್ಲ. ಎರಡು ಬೇರೆ ಬೇರೆ ಲೋಹ ಜೋಡಿಸಿ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಇಟ್ಟರೆ ಕರೆಂಟ್ ಹುಟ್ಟುತ್ತದೆ. ಇದು 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಕಂಡದ್ದು. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳು ಇಷ್ಟು ವರ್ಷ ಬದುಕಿದ್ದು ಇದೇ ತತ್ವದಿಂದ, ಬಿಸಿ ಮಾತ್ರ ಪ್ಲುಟೋನಿಯಂನದು. ಅವನಿಗೆ ಹೇಳಿ, ಖುಷಿಪಡುತ್ತಾನೆ.

ಬಯೋಲೈಟ್ ಎಂಬ ಕ್ಯಾಂಪ್ ಒಲೆ ಹೀಗೆ ಕೊಡುವುದು 2-3 ವಾಟ್. ಬಚ್ಚಲು ಒಲೆಯಲ್ಲಿ ಬಿಸಿಗೆ ಬರವಿಲ್ಲ, ತಣ್ಣಗಿರಬೇಕಾದ ಬದಿಯನ್ನು ತಣ್ಣಗೇ ಇಡುವುದು ಕಷ್ಟ. ಎರಡೂ ಬದಿ ಬಿಸಿಯಾದರೆ ಕರೆಂಟ್ ನಿಂತಿತು. ಶಾಲೆಯ ವಿಜ್ಞಾನ ಮೇಳಕ್ಕೆ ಫಸ್ಟ್ ಕ್ಲಾಸ್. ಮನೆಗೆ ಬೇಡ.

ಅಡಿಕೆಗೆ ಮದ್ದು ಬಿಡುವವ

ಎಲ್ಲ ಓದಿದೆ. ಅಕ್ಕ, ನಿಮ್ಮ ಕೊಟ್ಟಿಗೆಯಲ್ಲೋ ಅಟ್ಟದಲ್ಲೋ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಇಲ್ವಾ? ತೋಟ ಇರುವ ಮನೆಯಲ್ಲಿ ಹೆಚ್ಚಾಗಿ ಇರುತ್ತದೆ. ಅದರ ತಳದಲ್ಲಿ 12 ವೋಲ್ಟ್‌ನ ಬ್ಯಾಟರಿ ಉಂಟು, 8 ಅಥವಾ 12 ಎಎಚ್ (ಆಂಪಿಯರ್ ಅವರ್). ಜಡಿ ಮಳೆಯಲ್ಲಿ ಅದಕ್ಕೆ ಕೆಲಸವೂ ಇಲ್ಲ. ನಾನು ಅದಕ್ಕೆ ಕಾರಿನಲ್ಲಿ ಹಾಕುವ ಯುಎಸ್‌ಬಿ ಸಾಕೆಟ್ ಸಿಕ್ಕಿಸಿದ್ದೇನೆ. ಪ್ಲಸ್ ವಯರಿನಲ್ಲಿ, ಬ್ಯಾಟರಿಗೆ ಹತ್ತಿರವೇ, ಒಂದು 5 ಆಂಪ್ ಫ್ಯೂಸ್ ಹಾಕಲೇಬೇಕು. ಫ್ಯೂಸ್ ಇಲ್ಲದೆ ವಯರ್ ತಾಗಿ ಶಾರ್ಟ್ ಆದರೆ ತಂತಿ ಕೆಂಪಗಾಗುತ್ತದೆ.

12 ವೋಲ್ಟ್ 8 ಎಎಚ್ ಅಂದರೆ 96 ವಾಟ್ ಅವರ್. ಲೆಡ್ ಬ್ಯಾಟರಿ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಆಯಸ್ಸು ಹೋಗುತ್ತದೆ. ಅರ್ಧದಲ್ಲೇ ಫೋನ್ ಎರಡು ಸಲ ಫುಲ್. ಕರೆಂಟ್ ಬಂದ ಕೂಡಲೇ ಸ್ಪ್ರೇಯರಿನ ಚಾರ್ಜರನ್ನೇ ಹಾಕಿ ತುಂಬಿಸಿಡಿ. ಚಾರ್ಜ್ ಇಲ್ಲದೆ ಮಳೆಗಾಲ ಪೂರ್ತಿ ಮೂಲೆಯಲ್ಲಿ ಬಿದ್ದಿದ್ದರೆ ಲೆಡ್ ಬ್ಯಾಟರಿ ಹೇಗೂ ಸಾಯುತ್ತದೆ. ಮದ್ದಿನ ಟ್ಯಾಂಕ್‌ನಿಂದ ಬ್ಯಾಟರಿ ಬಿಚ್ಚಿ, ಒರೆಸಿ, ಬೇರೆ ಡಬ್ಬದಲ್ಲಿ ಇಡಿ. ಮಕ್ಕಳಿರುವ ಮನೆ.

ಬದಿಯಡ್ಕದ ವಯರ್‌ಮ್ಯಾನ್

ಇದು ಸರಿಯಾದ ಐಡಿಯಾ. ಆದರೂ ಒಂದು ಒಳ್ಳೆಯ 20000ದ ಪವರ್ ಬ್ಯಾಂಕ್ ಬೇಕೇ ಬೇಕು ಎನ್ನುತ್ತೇನೆ, ಅತ್ತೆಯವರು ವಯರ್ ಸಿಕ್ಕಿಸುತ್ತಾ ಕೂರುವುದುಂಟಾ? ಕೊಳ್ಳುವಾಗ ದೊಡ್ಡ ಅಕ್ಷರದ 20000 ನೋಡಬೇಡಿ, ಅದು ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕ. ಕೆಳಗೆ ಸಣ್ಣದಾಗಿ ರೇಟೆಡ್ ಕೆಪಾಸಿಟಿ ಎಂದು ಇರುತ್ತದೆ, ಹೊರಗೆ 5 ವೋಲ್ಟ್‌ನಲ್ಲಿ ಸಿಗುವುದು ಅದು. 12000 ಅಂತ ಇದ್ದರೆ 60 ವಾಟ್ ಅವರ್, ಫೋನ್ ಹೆಚ್ಚುಕಮ್ಮಿ ಮೂರು ಸಲ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಇಲ್ಲದ್ದು ಮುಟ್ಟಬೇಡಿ.

ಇಷ್ಟು ಸಣ್ಣ ಡಬ್ಬದಲ್ಲಿ ಇಷ್ಟು ತುಂಬುವುದು ಸಾಧ್ಯ ಆದದ್ದೇ ಲಿಥಿಯಂ ಅಯಾನ್‌ನಿಂದ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದದ್ದು. ಅದರ ಹಿಂದಿನ ಕೆಲಸಕ್ಕೆ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೋ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ನನ್ನ ಮಟ್ಟಿಗೆ ಜಾಹೀರಾತಿನ ಎಲ್ಲ ಹೊಸ ಸಾಧನಗಳಿಗಿಂತ ಇದೇ ದೊಡ್ಡದು. ಕರೆಂಟ್ ಹುಟ್ಟಿಸುವ ಆಟಿಕೆಗೆ ಹಾಕುವ ದುಡ್ಡನ್ನು, ಇರುವ ಕರೆಂಟ್ ಹಿಡಿದಿಡುವ ಡಬ್ಬಕ್ಕೆ ಹಾಕಿ.

ಇನ್ನೊಂದು. ಕರೆಂಟ್ ಹೋಗಿ ಹೊತ್ತಾದರೆ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ. ಆಗ ಫೋನ್ ದೂರದ ಟವರ್ ಹುಡುಕುತ್ತಾ ತನ್ನ ಚಾರ್ಜ್ ತಾನೇ ತಿನ್ನುತ್ತದೆ. ರೇಂಜ್ ಇಲ್ಲದಾಗ ಏರೋಪ್ಲೇನ್ ಮೋಡ್ ಹಾಕಿ, ಆಗಾಗ ತೆಗೆದು ನೋಡಿ. ಗುಡುಗು ಇದ್ದರೆ ಚಾರ್ಜರ್ ಪ್ಲಗ್‌ನಿಂದ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಸುರಂಗದ ನೀರು

ವಯರ್‌ಮ್ಯಾನ್ ಅಣ್ಣ, ಹಿಡಿದಿಡುವುದು ಸರಿ. ಆದರೆ ಹುಟ್ಟಿಸುವುದೆಲ್ಲ ಆಟಿಕೆ ಅಂದರೆ ಒಪ್ಪುವುದಿಲ್ಲ. ನಮ್ಮ ಊರಲ್ಲಿ ಕರೆಂಟ್ ಹೋಗುವುದು ಯಾವಾಗ? ಮಳೆಗೆ. ಮಳೆಗೆ ಬಿಸಿಲಿಲ್ಲ, ಆದರೆ ಗುಡ್ಡೆಯಿಂದ ನೀರು ಹಗಲು ರಾತ್ರಿ ಇಳಿಯುತ್ತದೆ. ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು) ಪೈಪೋ ತೋಡಿನ ಪೈಪೋ ಅಂಗಳದವರೆಗೆ ಇದ್ದರೆ ಅದರ ಬಾಯಿಗೆ ಸಣ್ಣ ಟರ್ಬೈನ್ ಕೂರಿಸಬಹುದು. 12 ವೋಲ್ಟ್, 10 ವಾಟ್‌ನವು ಆನ್‌ಲೈನಲ್ಲಿ ಸಿಗುತ್ತವೆ. 10 ವಾಟ್ ಅಂದರೆ ನಗಬೇಡಿ. 24 ಗಂಟೆಗೆ 240 ವಾಟ್ ಅವರ್, ನಷ್ಟ ಕಳೆದರೂ ಫೋನಿನ ಲೆಕ್ಕದಲ್ಲಿ ಹತ್ತು ಸಲ ಫುಲ್. ಮಲೆನಾಡಿನಲ್ಲಿ ಇದೇ ತತ್ವದ ದೊಡ್ಡ ಪಿಕೋ ಹೈಡ್ರೋ (ಮನೆಮಟ್ಟದ ಜಲವಿದ್ಯುತ್ ಯಂತ್ರ) ಹಾಕಿ ಮನೆಯ ಬಲ್ಬು, ಟಿವಿ ಎಲ್ಲ ನಡೆಸುವವರಿದ್ದಾರೆ.

ಎರಡು ಎಚ್ಚರಿಕೆ. ನೀರಿನ ಜೊತೆ ತರಗೆಲೆ, ಹೊಯಿಗೆ (ಮರಳು) ಬರುತ್ತದೆ, ಪೈಪಿನ ಮೇಲಿನ ಬಾಯಿಗೆ ಬಲೆ ಕಟ್ಟಿ ಪ್ರತಿ ಮಳೆ ಆದಮೇಲೆ ಕೊಡವಬೇಕು, ಇಲ್ಲದಿದ್ದರೆ ಚಕ್ರ ನಿಲ್ಲುತ್ತದೆ. ಎರಡನೆಯದು, ಸೋಲಾರ್‌ನ ಚಾರ್ಜ್ ಕಂಟ್ರೋಲರ್ ಇದಕ್ಕೆ ಹಾಕಬೇಡಿ. ಬ್ಯಾಟರಿ ತುಂಬಿದಾಗ ಅದು ಸಂಪರ್ಕ ಕಡಿಯುತ್ತದೆ, ಚಕ್ರ ಭಾರವಿಲ್ಲದೆ ವೇಗವಾಗಿ ತಿರುಗಿ ವೋಲ್ಟೇಜ್ ಎಲ್ಲೆಲ್ಲಿಗೋ ಏರುತ್ತದೆ. ಹೆಚ್ಚಾದ ಕರೆಂಟನ್ನು ಒಂದು ಬಲ್ಬಿಗೆ ತಿರುಗಿಸುವ ಕಂಟ್ರೋಲರ್ ಬೇಕು, ಗಾಳಿಯಂತ್ರಕ್ಕೆ ಹಾಕುವಂಥದ್ದು.

ದೇಲಂಪಾಡಿಯ ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಪ್ರೇಯರ್ ಉಂಟು, ಹೊಸದೇ. ಪವರ್ ಬ್ಯಾಂಕ್ ಯಜಮಾನರ ಹತ್ತಿರ ಮಂಗಳೂರಿಂದ ತರಲು ಹೇಳಿದೆ. ಸುರಂಗದ ನೀರು ಅಣ್ಣ, ನಮ್ಮಲ್ಲಿ ಒಂದು ಇಂಚಿನ ಪೈಪಿನಲ್ಲಿ ಸುರಂಗದಿಂದ ಟ್ಯಾಂಕಿಗೆ ನೀರು ಬರುತ್ತದೆ, ಮಳೆಯಲ್ಲಿ ಟ್ಯಾಂಕ್ ತುಂಬಿ ಹೊರಗೆ ಹೋಗುತ್ತಲೇ ಇರುತ್ತದೆ. ಅದಕ್ಕೆ ಆಗುತ್ತದಾ ಎಂದು ಹೇಗೆ ನೋಡುವುದು?

ಸುರಂಗದ ನೀರು

20 ಲೀಟರ್ ಬಕೆಟ್ ಇಟ್ಟು ತುಂಬಲು ಎಷ್ಟು ಸೆಕೆಂಡ್ ಎಂದು ನೋಡಿ. 25 ಸೆಕೆಂಡ್ ಆದರೆ ಸೆಕೆಂಡಿಗೆ 0.8 ಲೀಟರ್. ಅದನ್ನು ಪೈಪಿನ ಮೇಲಿನ ಬಾಯಿಂದ ಕೆಳಗಿನ ಬಾಯಿವರೆಗಿನ ಎತ್ತರದ ಮೀಟರಿನಿಂದ ಗುಣಿಸಿ, ಮತ್ತೆ 9.8ರಿಂದ ಗುಣಿಸಿ. ಎತ್ತರ 15 ಮೀಟರ್ ಆದರೆ ಹತ್ತಿರ ಹತ್ತಿರ 118 ವಾಟ್. ಉದ್ದದ ಸಣ್ಣ ಪೈಪಿನಲ್ಲಿ ಉಜ್ಜಿ ಅರ್ಧ ಹೋಗಲಿ, ಉಳಿದದ್ದರಲ್ಲಿ ಅರ್ಧ ಚಕ್ರದಲ್ಲಿ ಹೋಗಲಿ, ಆದರೂ 10 ವಾಟ್‌ನ ಟರ್ಬೈನಿಗೆ ಬೇಕಾದಷ್ಟಾಯಿತು. ಅಳೆಯುವುದು ಮಗನಿಗೇ ಬಿಡಿ. ಲೆಕ್ಕ ಬಂದಮೇಲೆ ಇಲ್ಲಿ ಹಾಕಿ, ಪೈಪಿನ ಉದ್ದವನ್ನೂ ಬರೆಯಿರಿ.