ಈಜಿಸಿದ ಇಲಿಗಳ ಕೊಬ್ಬಿನಲ್ಲಿ ಫಾಸ್ಫೋ-ಎಕೆಟಿ ಏರಿಲ್ಲ: ವ್ಯಾಯಾಮದ ಪರಿಣಾಮ ಇಲ್ಲವೇ, ಬ್ಲಾಟ್ ಕೈಕೊಟ್ಟಿದೆಯೇ?

ಯಶವಂತಪುರ_ಬಯೊಕೆಮ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಗಂಡು ವಿಸ್ಟಾರ್ ಇಲಿಗಳಿಗೆ ಕೊಬ್ಬು ಹೆಚ್ಚಿರುವ ಆಹಾರ, ಆಮೇಲೆ ಮಧುಮೇಹ ತರಿಸಲು ಸ್ಟ್ರೆಪ್ಟೊಜೊಟೊಸಿನ್ 35 ಮಿಗ್ರಾಂ/ಕೆಜಿ ಒಂದೇ ಸಲ. ಅರ್ಧ ಇಲಿಗಳಿಗೆ 8 ವಾರ ಈಜು, ದಿನಕ್ಕೆ 60 ನಿಮಿಷ, ವಾರಕ್ಕೆ 5 ದಿನ. ಕೊನೆಯ ಈಜಿನ ಮಾರನೇ ದಿನ, ರಾತ್ರಿ ಉಪವಾಸ ಇಟ್ಟು, ಕೆಟಮಿನ್-ಜೈಲಜಿನ್ ಅರಿವಳಿಕೆಯಲ್ಲಿ ಎಪಿಡಿಡಿಮಲ್ (ವೃಷಣದ ಪಕ್ಕದ) ಕೊಬ್ಬು ತೆಗೆದಿದ್ದು. ಈಜಿದ ಗುಂಪಿನ ಉಪವಾಸದ ಗ್ಲೂಕೋಸ್ ಚೆನ್ನಾಗಿಯೇ ಇಳಿದಿದೆ. ಆದರೆ ವೆಸ್ಟರ್ನ್ ಬ್ಲಾಟ್‌ನಲ್ಲಿ ಫಾಸ್ಫೋ-ಎಕೆಟಿಯ (ಎಕೆಟಿ ಅಂದರೆ ಇನ್ಸುಲಿನ್ ಸಂಕೇತ ಸಾಗಿಸುವ ಪ್ರೋಟೀನ್, ಇದು ಅದರ ಫಾಸ್ಫೇಟ್ ಅಂಟಿದ ರೂಪ) ಸೆರೀನ್ 473 ಬ್ಯಾಂಡ್ ಎರಡೂ ಗುಂಪಿನಲ್ಲಿ ಮಸುಕು, ವ್ಯತ್ಯಾಸವೇ ಇಲ್ಲ. ಬೀಟಾ-ಆಕ್ಟಿನ್‌ಗೆ ನಾರ್ಮಲೈಸ್ ಮಾಡಿದ್ದೇವೆ (ಲೇನ್‌ಗಳಿಗೆ ಹಾಕಿದ ಪ್ರೋಟೀನ್‌ನ ಏರುಪೇರು ಸರಿದೂಗಿಸಲು). ಎಲ್ಲಿ ನೋಡಬೇಕು?

ಸಂಕೇತಜಾಲ

ಮೊದಲು ಒಂದು ಮಾತು: ಇನ್ಸುಲಿನ್ ಕೊಟ್ಟಿದ್ದೀರಾ? ಪೋಸ್ಟ್‌ನಲ್ಲಿ ಎಲ್ಲೂ ಕಾಣಲಿಲ್ಲ. ರಾತ್ರಿಯಿಡೀ ಉಪವಾಸವಿದ್ದ ಇಲಿಯ ರಕ್ತದಲ್ಲಿ ಇನ್ಸುಲಿನ್ ತಳ ಮುಟ್ಟಿರುತ್ತದೆ. ಆಗ ಎಕೆಟಿ ಫಾಸ್ಫೊರಿಲೇಷನ್ ಆರೋಗ್ಯವಂತ ಇಲಿಯಲ್ಲೂ ಮಸುಕೇ. ನೀವು ಅಳೆದದ್ದು ಬೇಸಲ್ ಮಟ್ಟ, ಅಂದರೆ ಇನ್ಸುಲಿನ್ ಪ್ರಚೋದನೆ ಇಲ್ಲದಾಗಿನದು. ವ್ಯಾಯಾಮ ಬದಲಿಸುವುದು ಇನ್ಸುಲಿನ್ ಬಂದಾಗ ಕೋಶ ಕೊಡುವ ಉತ್ತರವನ್ನು, ಅದನ್ನು ಕೇಳದೆ ಅಳೆಯಲಾಗದು.

ಸರಿಯಾದ ಕ್ರಮ ಹೀಗೆ. ಅರಿವಳಿಕೆಯಾದ ಮೇಲೆ ಒಂದು ಬದಿಯ ಎಪಿಡಿಡಿಮಲ್ ಪ್ಯಾಡ್‌ನಿಂದ ತುಂಡು ತೆಗೆದು ರಕ್ತನಾಳ ಕಟ್ಟಿ, ಅದನ್ನು ತಕ್ಷಣ ದ್ರವ ಸಾರಜನಕಕ್ಕೆ ಹಾಕಿ. ಆಮೇಲೆ ರೆಗ್ಯುಲರ್ ಇನ್ಸುಲಿನ್ ರಕ್ತನಾಳಕ್ಕೇ ಕೊಟ್ಟು, 3ರಿಂದ 5 ನಿಮಿಷದಲ್ಲಿ ಇನ್ನೊಂದು ಬದಿಯದನ್ನು ತೆಗೆಯಿರಿ. ಹೀಗೆ ಮಾಡಿದರೆ ಪ್ರತಿ ಇಲಿಯೂ ತನಗೆ ತಾನೇ ಕಂಟ್ರೋಲ್. ಹೊಟ್ಟೆಯೊಳಗೆ ಚುಚ್ಚಬೇಡಿ: ಎಪಿಡಿಡಿಮಲ್ ಕೊಬ್ಬು ಅಲ್ಲೇ ಇರುವುದರಿಂದ ಇನ್ಸುಲಿನ್ ನೇರವಾಗಿ ಅದರ ಮೇಲೆ ಬೀಳುತ್ತದೆ, ರಕ್ತದ ಮೂಲಕ ಬಂದಂತಾಗುವುದಿಲ್ಲ. ಡೋಸ್ ತೀರಾ ಹೆಚ್ಚಾದರೆ ಎಲ್ಲ ಗುಂಪಿನಲ್ಲೂ ಬ್ಯಾಂಡ್ ಗರಿಷ್ಠಕ್ಕೆ ಹೋಗಿ ವ್ಯತ್ಯಾಸ ಮುಚ್ಚಿಹೋಗುತ್ತದೆ. ಅದಕ್ಕೇ ಎರಡು ಡೋಸ್ ಇಟ್ಟು ಪೈಲಟ್ ಮಾಡಿ.

ಜೈಲಜಿನ್ ಬಿಡಿ. ಅದು ಆಲ್ಫಾ-2 ಗ್ರಾಹಕದ ಮೂಲಕ ಇನ್ಸುಲಿನ್ ಸ್ರವಿಕೆ ತಡೆದು ಗ್ಲೂಕೋಸ್ ಏರಿಸುತ್ತದೆ. ಈ ಬದಲಾವಣೆಗಳಿಗೆಲ್ಲ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮತ್ತೆ ಬೇಕು.

ಬಿಳಿಕೊಬ್ಬು

ಮೇಲಿನದು ಸರಿ. ಅದರ ಜೊತೆಗೆ ಲೈಸೇಟ್ (ಅಂಗಾಂಶ ಅರೆದು ತೆಗೆದ ಪ್ರೋಟೀನ್ ದ್ರಾವಣ) ಕೂಡ ಸಂಶಯಾಸ್ಪದ. ಸ್ನಾಯುವಿನ ಪ್ರೋಟೊಕಾಲ್ ಅನ್ನೇ ಕೊಬ್ಬಿಗೂ ಬಳಸಿದರೆ ಕೆಡುವುದು ಖಚಿತ, ಯಾಕೆಂದರೆ ಇಲ್ಲಿ ತೂಕದ ಬಹುಪಾಲು ಟ್ರೈಗ್ಲಿಸರೈಡ್, ಪ್ರೋಟೀನ್ ಅತ್ಯಲ್ಪ. 100 ಮಿಗ್ರಾಂ ಅಂಗಾಂಶಕ್ಕೆ 300 ಮೈಕ್ರೊಲೀಟರ್‌ಗಿಂತ ಬಹಳ ಹೆಚ್ಚು ಬಫರ್ ಹಾಕಬೇಡಿ. 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 15 ನಿಮಿಷ ತಿರುಗಿಸಿದಾಗ ಮೇಲೆ ಬಿಳಿ ಪದರ, ತಳದಲ್ಲಿ ಕಸ, ನಡುವೆ ತಿಳಿ ದ್ರವ. ನಡುವಿನದನ್ನು ಮಾತ್ರ ಸಪೂರ ಸೂಜಿಯಿಂದ ಎಳೆದು ಮತ್ತೊಮ್ಮೆ ತಿರುಗಿಸಿ. ಪದರದ ಚೂರು ಸೇರಿದರೆ ಪ್ರೋಟೀನ್ ಅಂದಾಜು ಕೆಡುತ್ತದೆ, ಜೆಲ್‌ನಲ್ಲಿ ಲೇನ್ ಎಳೆದಂತಾಗುತ್ತದೆ.

ಫಾಸ್ಫೇಟ್ ಕಳಚುವ ಕಿಣ್ವಗಳನ್ನು (ಫಾಸ್ಫಟೇಸ್) ತಡೆಯಲು ಬಫರ್‌ಗೆ ಹಾಕುವ ಸೋಡಿಯಂ ಆರ್ಥೊವನಡೇಟ್ ಅನ್ನು ಸಕ್ರಿಯಗೊಳಿಸಿದ್ದೀರಾ? ಪಿಎಚ್ 10ರಲ್ಲಿ ದ್ರಾವಣ ಬಣ್ಣ ಕಳೆದುಕೊಳ್ಳುವವರೆಗೆ ಕುದಿಸಬೇಕು. ಹಳದಿ ಉಳಿದಿದ್ದರೆ ಟೈರೊಸಿನ್ ಫಾಸ್ಫಟೇಸ್ ನಿಲ್ಲುವುದಿಲ್ಲ. ಸೆರೀನ್‌ಗಾಗಿ ಸೋಡಿಯಂ ಫ್ಲೋರೈಡ್ ಬೇರೆ ಬೇಕು. ಬ್ಲಾಕಿಂಗ್‌ಗೆ ಹಾಲಿನ ಪುಡಿಯ ಬದಲು 5% ಬಿಎಸ್‌ಎ (ಹಸುವಿನ ಸೀರಂ ಅಲ್ಬುಮಿನ್): ಹಾಲಿನ ಕೇಸೀನ್ ತಾನೇ ಫಾಸ್ಫೊಪ್ರೋಟೀನ್.

ಆಕ್ಟಿನ್ ಇಲ್ಲಿ ಒಳ್ಳೆಯ ಆಧಾರವಲ್ಲ. ಈಜಿದ ಇಲಿಯ ಕೊಬ್ಬಿನ ಕೋಶಗಳು ಚಿಕ್ಕವು, ಹಾಗಾಗಿ ಅದೇ ತೂಕದಲ್ಲಿ ಕೋಶಗಳು ಹೆಚ್ಚು. ಆಕ್ಟಿನ್ ಬದಲು ಬಳಸುವ ಜಿಎಪಿಡಿಎಚ್ ಪ್ರೋಟೀನ್ ಇನ್ನೂ ಕೆಟ್ಟದ್ದು, ಕೊಬ್ಬುಕೋಶದಲ್ಲಿ ಇನ್ಸುಲಿನ್ನೇ ಅದನ್ನು ಏರಿಸುತ್ತದೆ. ಫಾಸ್ಫೋ-ಎಕೆಟಿಯನ್ನು ಒಟ್ಟು ಎಕೆಟಿಯಿಂದ ಭಾಗಿಸಿ, ಲೋಡಿಂಗ್‌ಗೆ ಪೊನ್ಸೊ ಬಣ್ಣ (ಒಟ್ಟು ಪ್ರೋಟೀನ್ ತೋರಿಸುವುದು) ನೋಡಿ.

ನೀರಿನತೊಟ್ಟಿ

ತೊಟ್ಟಿಯ ನೀರಿನ ಬಿಸಿ ಎಷ್ಟು? ಡಿಸೆಂಬರ್-ಜನವರಿಯಲ್ಲಿ ಬೆಂಗಳೂರಿನ ನಲ್ಲಿ ನೀರು ಇಲಿಗೆ ತಣ್ಣನೆ ಹೊಡೆತ. ಚಳಿಗೆ ಸಿಂಪಥೆಟಿಕ್ ನರಗಳು ಕೊಬ್ಬು ಕರಗಿಸುತ್ತವೆ, ಕಂದು ಕೊಬ್ಬು ಎಚ್ಚರವಾಗುತ್ತದೆ. ಆಮೇಲೆ ವ್ಯಾಯಾಮದ ಫಲ ಯಾವುದು, ಚಳಿಯ ಫಲ ಯಾವುದು ಎಂದು ಬಿಡಿಸುವುದು ಅಸಾಧ್ಯ. 32-34 ಡಿಗ್ರಿ ಇಟ್ಟು, ಗೀಸರ್ ನೀರು ಬೆರೆಸಿದ್ದರೆ ಪ್ರತಿ 15 ನಿಮಿಷಕ್ಕೆ ಥರ್ಮಾಮೀಟರ್ ನೋಡಿ. ಈಜಾದ ಮೇಲೆ ಒರೆಸಿ ಒಣಗಿಸಿ. ಈಜದ ಗುಂಪನ್ನೂ ಅಷ್ಟೇ ಬಿಸಿಯ, ಆಳವಿಲ್ಲದ ನೀರಿನಲ್ಲಿ ನಿಲ್ಲಿಸಬೇಕು, ಒತ್ತಡ ಎರಡೂ ಕಡೆ ಸಮನಾಗಲು. ಇಲಿಗಳು ಒಂದರ ಮೇಲೊಂದು ಹತ್ತಿ ತೇಲುತ್ತಿದ್ದರೆ ಆ 60 ನಿಮಿಷಕ್ಕೆ ಬೆಲೆಯಿಲ್ಲ. ಸೋಲಿಯಸ್ ಸ್ನಾಯುವಿನ ಸಿಟ್ರೇಟ್ ಸಿಂಥೇಸ್ (ಮೈಟೊಕಾಂಡ್ರಿಯಾದ ಕಿಣ್ವ) ಅಳೆದರೆ ತರಬೇತಿ ತಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನೊಂದು: ಉಪವಾಸದ ಗ್ಲೂಕೋಸ್ ಇಳಿದದ್ದು ಕೊಬ್ಬಿನ ಸಿಗ್ನಲಿಂಗ್‌ಗೆ ಸಾಕ್ಷಿಯಲ್ಲ. ಅದು ಮುಖ್ಯವಾಗಿ ಯಕೃತ್ತಿನ ಲೆಕ್ಕ. ಇನ್ಸುಲಿನ್ ಕೊಟ್ಟಾಗ ಗ್ಲೂಕೋಸ್ ಹೀರುವುದರಲ್ಲಿ ಸಿಂಹಪಾಲು ಸ್ನಾಯುವಿನದು, ಕೊಬ್ಬಿನದು ಸಣ್ಣ ಪಾಲು. ಕೊಬ್ಬಿನಲ್ಲಿ ಇನ್ಸುಲಿನ್‌ನ ದೊಡ್ಡ ಕೆಲಸ ಲಿಪೊಲಿಸಿಸ್‌ಗೆ (ಕೊಬ್ಬು ಒಡೆಯುವುದಕ್ಕೆ) ಕಡಿವಾಣ ಹಾಕುವುದು: ಎಕೆಟಿಯಿಂದ ಫಾಸ್ಫೊಡೈಎಸ್ಟರೇಸ್ 3ಬಿ, ಅದರಿಂದ ಸೈಕ್ಲಿಕ್ ಎಎಂಪಿ ಇಳಿಕೆ, ಕೊನೆಗೆ ಹಾರ್ಮೋನ್ ಸೆನ್ಸಿಟಿವ್ ಲೈಪೇಸ್ ತಣ್ಣಗಾಗುವುದು. ಆದ್ದರಿಂದ ಇನ್ಸುಲಿನ್‌ಗೆ ಮೊದಲು ಮತ್ತು ನಂತರ ರಕ್ತದ ಫ್ರೀ ಫ್ಯಾಟಿ ಆಸಿಡ್, ಗ್ಲಿಸರಾಲ್ ಅಳೆಯಿರಿ. ನನ್ನ ದೃಷ್ಟಿಯಲ್ಲಿ ಈ ಪ್ರಯೋಗದ ಅತಿ ಬೆಲೆಯುಳ್ಳ ಅಂಕಿ ಅದೇ.

ಯಶವಂತಪುರ_ಬಯೊಕೆಮ್

ತುಂಬಾ ಉಪಕಾರವಾಯಿತು. ಇನ್ಸುಲಿನ್ ಕೊಟ್ಟಿರಲಿಲ್ಲ. ಹಾಗಾದರೆ ಮೈನಸ್ 80ರಲ್ಲಿರುವ ಸ್ಯಾಂಪಲ್‌ಗಳು ವ್ಯರ್ಥವೇ? ಮುಂದಿನ ಬ್ಯಾಚ್‌ನಲ್ಲಿ ಕೊನೆಯ ಈಜಿನಿಂದ ಎಷ್ಟು ಹೊತ್ತು ಬಿಡಬೇಕು?

ಸಂಕೇತಜಾಲ

ವ್ಯರ್ಥವಲ್ಲ. ಒಟ್ಟು ಗ್ಲಟ್-4 (ಗ್ಲೂಕೋಸ್ ಸಾಗಿಸುವ ಪ್ರೋಟೀನ್), ಅಡಿಪೊನೆಕ್ಟಿನ್ (ಕೊಬ್ಬುಕೋಶದ ಹಾರ್ಮೋನ್), ಉರಿಯೂತ ಸೂಚಿಸುವ ಟಿಎನ್‌ಎಫ್-ಆಲ್ಫಾ ಮತ್ತು ಫಾಸ್ಫೋ-ಜೆಎನ್‌ಕೆ, ಇನ್ಸುಲಿನ್ ಗ್ರಾಹಕದ ಸಂಕೇತ ಮುಂದೊಯ್ಯುವ ಐಆರ್‌ಎಸ್-1ರ ಸೆರೀನ್ 307, ಇವಕ್ಕೆ ಇನ್ಸುಲಿನ್ ಚುಚ್ಚಬೇಕಿಲ್ಲ. ಉರಿಯೂತ ತಗ್ಗಿದರೆ ಜೆಎನ್‌ಕೆ ಇಳಿದು 307 ಕಡಿಮೆಯಾಗಬೇಕು. ಆಂಟಿಬಾಡಿ ತರಿಸುವಾಗ ಎಚ್ಚರ: ಇಲಿಯ 307 ಮನುಷ್ಯನಲ್ಲಿ 312.

ಕೊನೆಯ ಈಜಿನ ನಂತರ 24 ಗಂಟೆಗೆ ಒಂದು ಗುಂಪು, 72 ಗಂಟೆಗೆ ಇನ್ನೊಂದು. ಒಂದೇ ಸಲದ ವ್ಯಾಯಾಮದ ಫಲ ಒಂದೆರಡು ದಿನ ಇರುತ್ತದೆ, ಅದನ್ನು ತರಬೇತಿಯ ಫಲದಿಂದ ಬೇರ್ಪಡಿಸಲು ಇದೇ ದಾರಿ. ಈಜದೆ, ಆಹಾರ ಮಾತ್ರ ಕಡಿಮೆ ಮಾಡಿ ತೂಕ ಸರಿಹೊಂದಿಸಿದ ಮೂರನೇ ಗುಂಪನ್ನೂ ಇಡಿ. ಇಲ್ಲದಿದ್ದರೆ ಕೊಬ್ಬು ಕರಗಿದ್ದರಿಂದ ಬಂದ ಸುಧಾರಣೆಯನ್ನೆಲ್ಲ ವ್ಯಾಯಾಮದ ಲೆಕ್ಕಕ್ಕೆ ಬರೆದಂತಾಗುತ್ತದೆ.